ಚರ್ಚಿನ ಬೀಗದ ಕೈ ಯಾರ ಹತ್ತಿರ?

ಯಾವುದೇ ಚರ್ಚಿನ ವಾರ್ಷಿಕ ಸಭೆಗೆ ಹೋಗಿ ನೋಡಿ. ಜವಾಬ್ದಾರಿಗಳ ಪಟ್ಟಿ ಓದುವಾಗ ಹೋದ ವರ್ಷದ ಹೆಸರುಗಳೇ ಮತ್ತೆ ಬರುತ್ತವೆ. ಖಜಾಂಚಿ ಅವರೇ, ಸಂಡೇ ಸ್ಕೂಲ್ ನೋಡಿಕೊಳ್ಳುವವರು ಅವರೇ, ಕ್ವಾಯರ್ ನಡೆಸುವವರು ಅವರೇ. ಓದಿ ಮುಗಿದ ಮೇಲೆ ಯಾರಾದರೊಬ್ಬ ಹಿರಿಯರು ಎದ್ದು ನಿಂತು, "ಈಗಿನವರಿಗೆ ಸೇವೆಯ ಮನಸ್ಸೇ ಇಲ್ಲ" ಅನ್ನುತ್ತಾರೆ. ಎಲ್ಲರೂ ತಲೆ ಆಡಿಸುತ್ತಾರೆ. ಆಮೇಲೆ ಮುಕ್ತಾಯದ ಪ್ರಾರ್ಥನೆ, ಎಲ್ಲರೂ ಮನೆಗೆ.

ನನಗೆ ಆ ಮಾತು ಒಪ್ಪಲು ಕಷ್ಟ. ಸೇವೆಯ ಮನಸ್ಸಿಲ್ಲದವರು ಇದ್ದಾರೆ, ಎಲ್ಲ ಕಾಲದಲ್ಲೂ ಇದ್ದರು. ಆದರೆ ಚರ್ಚಿನ ಕೆಲಸಕ್ಕೆ ಜನ ಸಿಗದಿರುವುದಕ್ಕೆ ನಾನು ಕಂಡ ಕಾರಣ ಬೇರೆ. ಕೆಲಸ ಹಿಡಿದವರು ಅದನ್ನು ಬಿಡುವುದಿಲ್ಲ. ಬಿಟ್ಟರೂ ಅರ್ಧ ಬಿಡುತ್ತಾರೆ. ಕುರ್ಚಿ ಎತ್ತುವುದನ್ನು ಹುಡುಗರಿಗೆ ಕೊಡುತ್ತಾರೆ, ಕುರ್ಚಿ ಎಲ್ಲಿಡಬೇಕು ಅನ್ನುವುದನ್ನು ತಾವೇ ಇಟ್ಟುಕೊಳ್ಳುತ್ತಾರೆ. ಸಂಡೇ ಸ್ಕೂಲಿಗೆ ಹೊಸ ಟೀಚರ್ ಬರುತ್ತಾರೆ, ಆದರೆ ಬಣ್ಣದ ಪೆನ್ಸಿಲ್ ತರಬೇಕಾದರೂ ಸಮಿತಿಯ ಒಪ್ಪಿಗೆ ಬೇಕು. ಸೌಂಡ್ ಸಿಸ್ಟಂ ಹತ್ತಿರ ಒಬ್ಬ ಹುಡುಗನನ್ನು ಕೂರಿಸುತ್ತಾರೆ. ಅವನ ಬೆನ್ನ ಹಿಂದೆ ಹಳೆಯವರೊಬ್ಬರು ನಿಂತುಕೊಂಡು ಕೈ ಚಾಚಿ ತಾವೇ ಗುಂಡಿ ತಿರುಗಿಸುತ್ತಾರೆ. ನಾಲ್ಕಾರು ವಾರ ಆದ ಮೇಲೆ ಹುಡುಗ ಬರುವುದು ನಿಲ್ಲಿಸುತ್ತಾನೆ. "ನೋಡಿದ್ರಾ, ಈಗಿನವರು ಹೀಗೇ" ಅನ್ನುವ ಮಾತು ಮತ್ತೆ ಬರುತ್ತದೆ.

ಕೇಳುವ ರೀತಿಯೂ ಸರಿಯಿಲ್ಲ. ಆರಾಧನೆ ಮುಗಿಯುವಾಗ ಪ್ರಕಟಣೆ: "ಸಂಡೇ ಸ್ಕೂಲಿಗೆ ಟೀಚರ್‌ಗಳು ಬೇಕಾಗಿದ್ದಾರೆ, ಮನಸ್ಸಿರುವವರು ಮುಂದೆ ಬನ್ನಿ." ಯಾರೂ ಬರುವುದಿಲ್ಲ. ಎಲ್ಲರಿಗೂ ಹೇಳಿದ ಮಾತು ತನಗೆ ಹೇಳಿದ್ದು ಅಂತ ಯಾರಿಗೂ ಅನ್ನಿಸುವುದಿಲ್ಲ. ಇನ್ನೊಂದು ಭಯವೂ ಇದೆ. ಒಮ್ಮೆ ಕೈ ಎತ್ತಿದರೆ ಇಳಿಸಲು ಬಿಡುವುದಿಲ್ಲ ಅಂತ ಪಟ್ಟಿ ನೋಡಿಯೇ ಜನ ತಿಳಿದುಕೊಂಡಿರುತ್ತಾರೆ. ಅದರ ಬದಲು ಬಾಗಿಲ ಹತ್ತಿರ ಒಬ್ಬರನ್ನು ಹೆಸರು ಹಿಡಿದು ಕರೆದು ಕೇಳಿ: "ಈಸ್ಟರ್ ತನಕ ಮಾತ್ರ. ತಿಂಗಳಿಗೆ ಎರಡು ಭಾನುವಾರ. ಆರೇಳು ವರ್ಷದ ಮಕ್ಕಳು. ಜೊತೆಗೆ ಇನ್ನೊಬ್ಬರು ಇರುತ್ತಾರೆ. ನೀವು ಮಕ್ಕಳ ಹತ್ತಿರ ಮಾತಾಡುವುದು ನೋಡಿ ಕೇಳುತ್ತಿದ್ದೇನೆ." ಇದಕ್ಕೆ ಇಲ್ಲ ಅನ್ನುವವರು ಕಡಿಮೆ. ಇಲ್ಲ ಅಂದರೂ ಯಾಕೆ ಅಂತ ಹೇಳುತ್ತಾರೆ. ಆ ಕಾರಣವೂ ಉಪಯೋಗಕ್ಕೆ ಬರುತ್ತದೆ.

ಈ ವಿಷಯ ಬಂದಾಗಲೆಲ್ಲ ನಾನು ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯಕ್ಕೆ ಹೋಗುತ್ತೇನೆ. ಯೆರೂಸಲೇಮಿನ ಮೊದಲ ಸಭೆ, ಅಂದರೆ ಕ್ರೈಸ್ತರ ಮೊದಲ ಸಮುದಾಯ. ದಿನವೂ ವಿಧವೆಯರಿಗೆ ಸಹಾಯ ಹಂಚುತ್ತಿದ್ದರು. ಗ್ರೀಕ್ ಮಾತಾಡುವವರ ಕಡೆಯ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಶುರುವಾಯಿತು. ಹನ್ನೆರಡು ಮಂದಿ ಅಪೊಸ್ತಲರು, ಅಂದರೆ ಯೇಸುವಿನ ಮುಖ್ಯ ಶಿಷ್ಯರು, ಇಡೀ ಸಭೆಯನ್ನು ಕರೆದರು. ನಾವು ದೇವರ ವಾಕ್ಯ ಬಿಟ್ಟು ಊಟ ಬಡಿಸುವುದರಲ್ಲಿ ತೊಡಗುವುದು ಸರಿಯಲ್ಲ, ನಿಮ್ಮಲ್ಲೇ ಏಳು ಜನರನ್ನು ಆರಿಸಿ, ಅವರಿಗೆ ಈ ಕೆಲಸ ವಹಿಸುತ್ತೇವೆ ಅಂದರು.

ಇದನ್ನು ಸಾಮಾನ್ಯವಾಗಿ ಹೇಗೆ ಬೋಧಿಸುತ್ತಾರೆ ಅಂತ ನಿಮಗೆ ಗೊತ್ತು. ಪಾಸ್ಟರ್‌ಗೆ ಪ್ರಾರ್ಥನೆ ಮತ್ತು ಪ್ರಸಂಗ, ಉಳಿದವರಿಗೆ ಅಡುಗೆಮನೆ. ಆದರೆ ನಿಧಾನವಾಗಿ ಓದಿದರೆ ಬೇರೆ ಸಂಗತಿಗಳು ಕಾಣುತ್ತವೆ. ಬಡಿಸುವ ಕೆಲಸಕ್ಕೆ ಅವರು ಕೇಳಿದ ಅರ್ಹತೆ ಏನು? ಒಳ್ಳೆಯ ಹೆಸರು, ಪವಿತ್ರಾತ್ಮ, ಜ್ಞಾನ. ಕೈ ಖಾಲಿ ಇರುವವರು ಬನ್ನಿ ಅನ್ನಲಿಲ್ಲ. ಆರಿಸಿದ್ದು ಅಪೊಸ್ತಲರಲ್ಲ, ಸಭೆ. ಅಪೊಸ್ತಲರು ಪ್ರಾರ್ಥನೆ ಮಾಡಿ ಅವರ ಮೇಲೆ ಕೈ ಇಟ್ಟರು. ಊಟದ ಕೆಲಸಕ್ಕೆ ಹಸ್ತಾರ್ಪಣೆ! ನಮ್ಮಲ್ಲಿ ಅಡುಗೆ ತಂಡದವರಿಗೆ ಎಲ್ಲರ ಮುಂದೆ ಪ್ರಾರ್ಥನೆ ಮಾಡಿದ್ದನ್ನು ನೀವು ಕೊನೆಯ ಸಲ ಯಾವಾಗ ನೋಡಿದ್ದೀರಿ?

ಆ ಏಳು ಹೆಸರುಗಳನ್ನೂ ನೋಡಿ. ಸ್ತೆಫನ, ಫಿಲಿಪ್ಪ, ಪ್ರೊಖೊರ, ನಿಕಾನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಕೊನೆಯವನಂತೂ ಅಂತಿಯೋಕ್ಯದವನು, ಹುಟ್ಟಿನಿಂದ ಯೆಹೂದ್ಯನೂ ಅಲ್ಲ, ಆ ಮತಕ್ಕೆ ಆಮೇಲೆ ಸೇರಿದವನು. ಅಂದರೆ ದೂರು ಯಾವ ಕಡೆಯಿಂದ ಬಂದಿತ್ತೋ, ಬಹುಶಃ ಅದೇ ಕಡೆಯ ಜನರ ಕೈಗೆ ಇಡೀ ಸಭೆಯ ಹಂಚಿಕೆ ಹೋಯಿತು. ಎರಡೂ ಕಡೆಯಿಂದ ಇಷ್ಟಿಷ್ಟು ಜನ ಅಂತ ಲೆಕ್ಕ ಹಾಕಲಿಲ್ಲ. ಮೇಲ್ವಿಚಾರಣೆಗೆ ಒಬ್ಬ ಅಪೊಸ್ತಲನನ್ನು ಕೂರಿಸಿದರು ಅಂತಲೂ ಬರೆದಿಲ್ಲ. ನಮ್ಮಲ್ಲಾಗಿದ್ದರೆ ಏನಾಗುತ್ತಿತ್ತು ಅಂತ ಊಹಿಸಿ. ಗೊಣಗಿದವರಿಗೆ ಸಮಾಧಾನದ ಮಾತು ಹೇಳಿ, ಒಂದು ಉಪಸಮಿತಿ ಮಾಡಿ, ಅದರಲ್ಲಿ ಅವರ ಕಡೆಯ ಒಬ್ಬರನ್ನು ಹೆಸರಿಗೆ ಸೇರಿಸಿ ಮುಗಿಸುತ್ತಿದ್ದೆವು.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಸ್ತೆಫನ ಬಡಿಸುವುದಕ್ಕೇ ಉಳಿಯಲಿಲ್ಲ, ವಾದ ಮಾಡಿದ, ಸಾಕ್ಷಿ ಹೇಳಿದ, ಕಲ್ಲೆಸೆತಕ್ಕೆ ಸಿಕ್ಕಿ ಸತ್ತ. ಫಿಲಿಪ್ಪ ಸಮಾರ್ಯಕ್ಕೆ ಹೋಗಿ ಬೋಧಿಸಿದ, ದಾರಿಯಲ್ಲಿ ಸಿಕ್ಕ ಐಥಿಯೋಪ್ಯದ ಅಧಿಕಾರಿಗೆ ದೀಕ್ಷಾಸ್ನಾನ ಕೊಟ್ಟ. "ನಿನ್ನ ಕೆಲಸ ಊಟದ್ದು, ಬೋಧನೆ ನಮ್ಮದು" ಅಂತ ಯಾರೂ ತಡೆದ ಹಾಗೆ ಕಾಣುವುದಿಲ್ಲ.

ಕರೆದ ಜಾಗಕ್ಕೆ ಬಾರದವರು ಕೆಲಸ ಮಾಡಿದರೆ ಏನು ಮಾಡಬೇಕು ಅನ್ನುವುದಕ್ಕೆ ಇನ್ನೂ ಹಳೆಯ ಕಥೆ ಇದೆ, ಅರಣ್ಯಕಾಂಡದ 11ನೇ ಅಧ್ಯಾಯದಲ್ಲಿ. ಇಸ್ರಾಯೇಲರ ನಾಯಕ ಮೋಶೆಯ ಭಾರ ಹೊರಲು 70 ಹಿರಿಯರನ್ನು ಗುಡಾರದ ಹತ್ತಿರ ಕರೆದಿದ್ದರು. ಎಲ್ದಾದ್, ಮೇದಾದ್ ಎಂಬ ಇಬ್ಬರು ಅಲ್ಲಿಗೆ ಬರದೆ ಪಾಳೆಯದಲ್ಲೇ ಉಳಿದಿದ್ದರು. ಆದರೂ ಅವರು ಪ್ರವಾದಿಸತೊಡಗಿದರು. ಒಬ್ಬ ಹುಡುಗ ಓಡಿಬಂದು ಸುದ್ದಿ ಹೇಳಿದ. ಮೋಶೆಯ ಸಹಾಯಕ ಯೆಹೋಶುವ ಅವರನ್ನು ನಿಲ್ಲಿಸು ಅಂದ. ನನ್ನ ಪರವಾಗಿ ಹೊಟ್ಟೆಕಿಚ್ಚು ಪಡುತ್ತೀಯಾ, ಜನರೆಲ್ಲರೂ ಪ್ರವಾದಿಗಳಾದರೆ ಎಷ್ಟು ಒಳ್ಳೆಯದು ಅಂತ ಮೋಶೆ ಹೇಳಿದ. ಚರ್ಚಿನಲ್ಲಿ ಯೆಹೋಶುವರು ಜಾಸ್ತಿ. ಪಾಸ್ಟರ್‌ಗೆ ತೊಂದರೆ ಇಲ್ಲದಿದ್ದರೂ ಅವರ ಪರವಾಗಿ ಸಿಟ್ಟಾಗುವವರು.

ಅದೇ ಮೋಶೆ ಮೊದಲಿನಿಂದಲೂ ಹೀಗಿರಲಿಲ್ಲ. ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಬೆಳಿಗ್ಗೆಯಿಂದ ಸಂಜೆಯ ತನಕ ಒಬ್ಬನೇ ಕೂತು ಎಲ್ಲರ ನ್ಯಾಯ ತೀರಿಸುತ್ತಿದ್ದ. ಮಾವ ಇತ್ರೋ ನೋಡಲು ಬಂದವನು ಇದು ಸರಿಯಿಲ್ಲ ಅಂದ. ನೀನೂ ಬಳಲುತ್ತೀ, ನಿನ್ನ ಜನವೂ ಬಳಲುತ್ತಾರೆ. ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ಯೋಗ್ಯರನ್ನು ನೇಮಿಸು, ದೊಡ್ಡ ವಿಷಯ ಮಾತ್ರ ನಿನ್ನ ಹತ್ತಿರ ಬರಲಿ. ಎರಡನೆಯ ಮಾತನ್ನು ನಾವು ಮರೆಯುತ್ತೇವೆ: ಜನವೂ ಬಳಲುತ್ತಾರೆ. ಎಲ್ಲವನ್ನೂ ಮೈಮೇಲೆ ಹಾಕಿಕೊಂಡ ಪಾಸ್ಟರ್ ಬಗ್ಗೆ ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ಆ ಪಾಸ್ಟರ್ ಬಿಡುವಾಗುವ ತನಕ ಕಾಯುತ್ತಿರುವ ರೋಗಿ, ಮದುವೆ ಮುರಿಯುವ ಹಂತದಲ್ಲಿರುವ ಜೋಡಿ, ಇವರು ಸಾಲಿನಲ್ಲಿ ನಿಂತೇ ಇರುತ್ತಾರೆ. ಇತ್ರೋ ಮಿದ್ಯಾನಿನ ಯಾಜಕ, ಹೊರಗಿನವನು. ಒಳಗಿದ್ದವರಿಗೆ ಅದು ರೂಢಿಯಾಗಿತ್ತು.

ಹಣದ ವಿಷಯ ಬೇರೆಯೇ. ಇಲ್ಲಿ ಜವಾಬ್ದಾರಿ ಹಂಚಿಕೊಳ್ಳುವುದು ಸಹಾಯಕ್ಕಿಂತ ಹೆಚ್ಚಾಗಿ ರಕ್ಷಣೆ. ಅಪೊಸ್ತಲ ಪೌಲ ಯೆರೂಸಲೇಮಿನ ಬಡವರಿಗೆ ಕಾಣಿಕೆ ಕೂಡಿಸುತ್ತಿದ್ದಾಗ ತನ್ನ ಜೊತೆಗಾರ ತೀತನನ್ನೂ ಜೊತೆಗೆ ಇಬ್ಬರು ಸಹೋದರರನ್ನೂ ಕಳುಹಿಸಿದ. ಅವರಲ್ಲಿ ಒಬ್ಬನನ್ನು ಸಭೆಗಳೇ ಆರಿಸಿದ್ದವು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ ಜನರ ಮುಂದೆಯೂ ಸರಿಯಾಗಿರಬೇಕು ಅಂತ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಕಾರಣವನ್ನೂ ಕೊಟ್ಟಿದ್ದಾನೆ. ಕಾಣಿಕೆ ಎಣಿಸಲು ಒಂದೇ ಮನೆಯವರಲ್ಲದ ಇಬ್ಬರು ಬೇಕು, ಎಣಿಸಿದ್ದನ್ನು ಅಲ್ಲೇ ಬರೆದು ಇಬ್ಬರೂ ಸಹಿ ಹಾಕಬೇಕು, ಬ್ಯಾಂಕಿನ ಲೆಕ್ಕವನ್ನು ಮೂರನೆಯವರು ತಾಳೆ ನೋಡಬೇಕು. ಹೀಗೆ ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ. "ಇಷ್ಟು ವರ್ಷ ಮಾಡಿದ್ದೀನಿ, ನನ್ನ ಮೇಲೆ ನಂಬಿಕೆ ಇಲ್ವಾ?" ನಂಬಿಕೆ ಇದೆ ಅಂತಲೇ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸುವುದು. ನಾಳೆ ಯಾರೋ ಸುಮ್ನೆ ಬಾಯಿಗೆ ಬಂದದ್ದು ಹೇಳಿದರೆ ಆ ಎರಡನೆಯ ಸಹಿಯೇ ಇವರನ್ನು ಕಾಪಾಡುತ್ತದೆ.

ಮಕ್ಕಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ದೊಡ್ಡವರು ಒಬ್ಬರೇ ಮಕ್ಕಳ ಜೊತೆ ಮುಚ್ಚಿದ ಕೋಣೆಯಲ್ಲಿ ಇರಬಾರದು, ಯಾವಾಗಲೂ ಇಬ್ಬರು. ಹೊಸಬರಾದರೆ ವಿಚಾರಿಸಿಯೇ ಸೇರಿಸಬೇಕು. ಜನ ಕಡಿಮೆ ಅಂತ ಈ ನಿಯಮ ಸಡಿಲಿಸುವ ಬದಲು ಆ ವಾರ ತರಗತಿ ರದ್ದು ಮಾಡುವುದು ವಾಸಿ. ಇದರಲ್ಲಿ ನನಗೆ ಚರ್ಚೆಗೆ ಜಾಗವೇ ಕಾಣುವುದಿಲ್ಲ.

ಸಂಡೇ ಸ್ಕೂಲಿನ ಚರಿತ್ರೆಯೂ ಸ್ವಾರಸ್ಯ. ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ 1780ರಲ್ಲಿ ಶುರು ಮಾಡಿದಾಗ ಕಲಿಸುವವರಿಗೆ ಸಂಬಳ ಇತ್ತು. ಸಂಬಳವಿಲ್ಲದೆ ಕಲಿಸುವವರು ತುಂಬಿಕೊಂಡದ್ದು ಆಮೇಲೆ. ಯಾವಾಗಲೂ ಹೀಗೇ ಇತ್ತು ಅಂತ ನಾವು ಅಂದುಕೊಳ್ಳುವ ಎಷ್ಟೋ ಏರ್ಪಾಡುಗಳು ಯಾವುದೋ ತುರ್ತಿಗೆ ಹುಟ್ಟಿದವು. ಮೆಥಡಿಸ್ಟ್ ಪಂಗಡದವರ ಕ್ಲಾಸ್ ಮೀಟಿಂಗ್, ಅಂದರೆ ಸದಸ್ಯರ ಸಣ್ಣ ಗುಂಪಿನ ಕೂಟ, ಹುಟ್ಟಿದ್ದು ಸಾಲದಿಂದ. 1742ರಲ್ಲಿ ಬ್ರಿಸ್ಟಲ್‌ನ ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ತೀರಿಸಬೇಕಿತ್ತು. ಒಬ್ಬೊಬ್ಬರು ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂತ ಸಲಹೆ ಬಂತು. ಬಡವರು ಎಲ್ಲಿಂದ ತರಬೇಕು ಅಂತ ಇನ್ನೊಬ್ಬರು ಕೇಳಿದರು. ಕ್ಯಾಪ್ಟನ್ ಫಾಯ್ ಎಂಬವರು, ನನಗೆ ಹನ್ನೊಂದು ಜನ ಬಡವರನ್ನು ಒಪ್ಪಿಸಿ, ವಾರ ವಾರ ಅವರ ಮನೆಗೆ ಹೋಗಿ ಕೇಳುತ್ತೇನೆ, ಅವರಿಗೆ ಆಗದಿದ್ದರೆ ನಾನೇ ಕೊಡುತ್ತೇನೆ ಅಂದರು. ಬೇರೆಯವರೂ ಹಾಗೇ ಮಾಡಿದರು. ಹಣ ಕೇಳಲು ಮನೆ ಮನೆಗೆ ಹೋದವರಿಗೆ ಯಾರ ಮನೆಯಲ್ಲಿ ಏನು ಕಷ್ಟ, ಯಾರು ದಾರಿ ತಪ್ಪುತ್ತಿದ್ದಾರೆ ಅನ್ನುವುದೆಲ್ಲ ಕಾಣತೊಡಗಿತು. ಮೆಥಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿಗೆ ತಾನು ಹುಡುಕುತ್ತಿದ್ದ ದಾರಿ ಇದೇ ಅನ್ನಿಸಿತು. ಪ್ರತಿ ಹನ್ನೆರಡು ಜನರಿಗೆ ಒಬ್ಬ ನಾಯಕ, ಆ ನಾಯಕ ಪಾದ್ರಿಯಲ್ಲ, ಸಾಮಾನ್ಯ ಸದಸ್ಯ.

ನನಗೆ ಇದರಲ್ಲಿ ಇಷ್ಟವಾಗುವುದು ಆ ಹನ್ನೆರಡು ಎಂಬ ಅಳತೆ. ಒಬ್ಬರು ನಿಜವಾಗಿ ನೆನಪಿಟ್ಟುಕೊಳ್ಳಬಹುದಾದಷ್ಟು ಜನ. ಇನ್ನೂರು ಮನೆಗಳಿರುವ ಸಭೆಯಲ್ಲಿ "ಎಲ್ಲರನ್ನೂ ಪಾಸ್ಟರ್ ಭೇಟಿ ಮಾಡಬೇಕು" ಅಂದರೆ ಯಾರನ್ನೂ ಸರಿಯಾಗಿ ಭೇಟಿ ಮಾಡುವುದಿಲ್ಲ ಅಂತಲೇ ಅರ್ಥ.

ದೇವತಾಶಾಸ್ತ್ರದ ದೃಷ್ಟಿಯಿಂದ ಈ ವಾದ ಎಂದೋ ಮುಗಿದಿದೆ. ದೀಕ್ಷಾಸ್ನಾನ ಆದವರೆಲ್ಲ ಯಾಜಕರೇ ಅಂತ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ 1520ರಲ್ಲೇ ಬರೆದರು. ಕ್ಯಾಥೊಲಿಕ್ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾಮಾನ್ಯ ವಿಶ್ವಾಸಿಗಳ ಸೇವೆಯ ಬಗ್ಗೆಯೇ ಒಂದು ಪ್ರತ್ಯೇಕ ದಾಖಲೆ ಹೊರಡಿಸಿತು. ಕಾಗದದ ಮೇಲೆ ಎಲ್ಲರೂ ಒಪ್ಪಿದ್ದಾರೆ. ತೊಡಕು ಇರುವುದು ಬೀರುವಿನ ಬೀಗದ ಕೈಯಲ್ಲಿ.

ಯಾರಿಗೆ ಯಾವ ಕೆಲಸ ಅನ್ನುವುದರಲ್ಲೂ ಒಂದು ಮಾತಿದೆ. ಬೈಬಲಿನ ನೆಹೆಮೀಯನ ಪುಸ್ತಕದ 3ನೇ ಅಧ್ಯಾಯವನ್ನು ಓದುವಾಗ ಹೆಚ್ಚಿನವರು ಹಾರಿಸುತ್ತಾರೆ, ಬರೀ ಹೆಸರುಗಳು ಅಂತ. ನನಗೆ ಅದು ಅಚ್ಚುಮೆಚ್ಚು. ಯೆರೂಸಲೇಮಿನ ಗೋಡೆ 52 ದಿನದಲ್ಲಿ ಎದ್ದಿತು. ಕಟ್ಟಿದವರು ಯಾರು? ಮಹಾಯಾಜಕ, ಅಕ್ಕಸಾಲಿಗರು, ಸುಗಂಧ ಮಾಡುವವರು, ವ್ಯಾಪಾರಿಗಳು. ಶಲ್ಲೂಮ ಎಂಬ ಅಧಿಕಾರಿ ಮತ್ತು ಅವನ ಹೆಣ್ಣುಮಕ್ಕಳು. ಹಲವರು ತಮ್ಮ ತಮ್ಮ ಮನೆ ಎದುರಿನ ಭಾಗವನ್ನೇ ಕಟ್ಟಿದರು. ಎದುರಿಗಿರುವುದು ಬಿದ್ದರೆ ಮೊದಲು ಬೀಳುವುದು ತಮ್ಮ ಮನೆ ಅಲ್ವಾ? ಆ ಪಟ್ಟಿಯಲ್ಲೇ ತೆಕೋವದ ದೊಡ್ಡ ಮನುಷ್ಯರು ಹೆಗಲು ಕೊಡಲಿಲ್ಲ ಅಂತಲೂ ಬರೆದಿದ್ದಾರೆ. ಸ್ವಲ್ಪ ಮುಂದೆ ಹೋದರೆ ಅದೇ ತೆಕೋವದ ಸಾಮಾನ್ಯ ಜನ ಇನ್ನೊಂದು ಭಾಗವನ್ನೂ ಕಟ್ಟಿದ್ದು ಕಾಣುತ್ತದೆ. ಬಗ್ಗದವರ ಪಾಲು ಬಗ್ಗಿದವರ ಬೆನ್ನಿಗೇ ಬೀಳುವುದು ಆಗಿನಿಂದಲೂ ಇದೆ.

ಹೆಣ್ಣುಮಕ್ಕಳ ಮಾತು ಬಂತು. ಗುಡಿಸುವುದು, ಹೂ ಜೋಡಿಸುವುದು, ಅಡುಗೆ, ಮಕ್ಕಳು, ರೋಗಿಗಳ ಭೇಟಿ, ಇವೆಲ್ಲ ಹೆಚ್ಚಿನ ಸಭೆಗಳಲ್ಲಿ ಹೆಂಗಸರ ಕೈಯಲ್ಲಿ. ಹಣ, ಜಾಗ, ಕಟ್ಟಡ, ನೇಮಕ, ಇವು ಗಂಡಸರ ಕೈಯಲ್ಲಿ. ವರ್ಷಕ್ಕೊಮ್ಮೆ, ಯೇಸು ಮನೆಗೆ ಬಂದಾಗ ಸೋದರಿಯರಲ್ಲಿ ಮಾರ್ಥ ಉಪಚಾರದಲ್ಲಿ ಮುಳುಗಿದ, ಮರಿಯ ಅವನ ಪಾದದ ಹತ್ತಿರ ಕೂತು ಕೇಳಿದ ಕಥೆ ಹೇಳಿ, ಮಾರ್ಥಳ ಹಾಗೆ ಕೆಲಸದಲ್ಲೇ ಮುಳುಗಬೇಡಿ ಅಂತ ಬೋಧಿಸುತ್ತಾರೆ. ಬೋಧನೆ ಮುಗಿಸಿ ಮಾರ್ಥಳು ಬಡಿಸಿದ ಊಟ ಮಾಡಿ ಹೋಗುತ್ತಾರೆ. ಮಾರ್ಥ ಕೇಳಿದ್ದು ನ್ಯಾಯವಾದ ಪ್ರಶ್ನೆ, ಎಲ್ಲ ನನ್ನೊಬ್ಬಳ ಮೇಲೆ ಬಿದ್ದಿದೆ ಅಂತ. ಆ ಮನೆಯಲ್ಲಿದ್ದ ಬೇರೆಯವರು ಎದ್ದು ಪಾತ್ರೆ ತೊಳೆದಿದ್ದರೆ ಅವಳೂ ಪಾದದ ಹತ್ತಿರ ಕೂರಬಹುದಿತ್ತು ಅಂತ ಯಾರೂ ಬೋಧಿಸಿದ್ದನ್ನು ನಾನು ಕೇಳಿಲ್ಲ. ಪೌಲ ರೋಮದವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಶಿಫಾರಸು ಮಾಡುತ್ತಾನೆ. ಅವಳಿಗೆ ಬೇಕಾದ ಸಹಾಯವನ್ನೆಲ್ಲ ಮಾಡಿ ಅನ್ನುತ್ತಾನೆ. ಅವಳು ಯಾರಿಗೆ ಸಹಾಯ ಮಾಡಬೇಕು ಅಂತ ಹೇಳುವುದಿಲ್ಲ.

ಇನ್ನು ಬಿಟ್ಟುಕೊಡುವ ಕೆಲಸ. ಇದನ್ನು ಚೆನ್ನಾಗಿ ಬಲ್ಲವರು ಸನ್ಯಾಸಿಗಳು. 6ನೇ ಶತಮಾನದಲ್ಲಿ ಬೆನೆಡಿಕ್ಟ್ ತನ್ನ ಮಠಗಳಿಗೆ ಬರೆದ ನಿಯಮದಲ್ಲಿ ಅಡುಗೆಮನೆಯ ಸೇವೆಗೆ ಒಂದು ಇಡೀ ಅಧ್ಯಾಯ ಇದೆ, 35ನೆಯದು. ಎಲ್ಲರೂ ಸರದಿಯ ಮೇಲೆ ಒಂದು ವಾರ ಬಡಿಸಬೇಕು. ಕಾಯಿಲೆ ಅಥವಾ ಬೇರೆ ಮುಖ್ಯ ಕೆಲಸ ಇದ್ದವರಿಗೆ ಮಾತ್ರ ವಿನಾಯಿತಿ. ಶಕ್ತಿ ಕಡಿಮೆ ಇರುವವರಿಗೆ ಸಹಾಯಕರನ್ನು ಕೊಡಬೇಕು, ಬೇಸರದಿಂದ ಮಾಡುವ ಹಾಗಾಗಬಾರದು. ವಾರ ಮುಗಿಸುವವನು ಶನಿವಾರ ಎಲ್ಲ ತೊಳೆಯಬೇಕು, ಎಲ್ಲರೂ ಕೈಕಾಲು ಒರೆಸಿಕೊಂಡ ಬಟ್ಟೆಗಳನ್ನೂ ಒಗೆಯಬೇಕು. ಪಾತ್ರೆಗಳನ್ನು ಶುದ್ಧವಾಗಿ, ಒಡೆಯದೆ ಉಗ್ರಾಣದವನಿಗೆ ಒಪ್ಪಿಸಬೇಕು. ಉಗ್ರಾಣದವನು ಅವನ್ನು ಮುಂದಿನವನಿಗೆ ಕೊಡಬೇಕು, ಏನು ಕೊಟ್ಟೆ ಏನು ಬಂತು ಅಂತ ಗೊತ್ತಿರಬೇಕು. ಹೋಗುವವನು ಬರುವವನು ಇಬ್ಬರೂ ಸೇರಿ ಎಲ್ಲರ ಕಾಲು ತೊಳೆಯಬೇಕು. ಭಾನುವಾರ ಬೆಳಿಗ್ಗೆ ಇಬ್ಬರಿಗೂ ಎಲ್ಲರೆದುರು ಪ್ರಾರ್ಥನೆ. ಬಡಿಸುವವರು ಗೊಣಗದೆ ಬಡಿಸಲಿ ಅಂತ ಊಟಕ್ಕೆ ಮೊದಲೇ ಅವರಿಗೆ ಸ್ವಲ್ಪ ರೊಟ್ಟಿ, ಪಾನೀಯ ಬೇರೆ. ಮನುಷ್ಯರನ್ನು ಹತ್ತಿರದಿಂದ ನೋಡಿದವನು ಮಾತ್ರ ಹೀಗೆ ಬರೆಯಬಲ್ಲ.

ನಮ್ಮ ಸಭೆಗಳಲ್ಲಿ ಶುರು ಮಾಡುವವರಿಗೆ ಪ್ರಾರ್ಥನೆ ಮಾಡುತ್ತೇವೆ. ಮುಗಿಸುವವರಿಗೆ ಅಂಥ ಒಂದು ದಿನವೇ ಇಲ್ಲ. ಆದ್ದರಿಂದ ಕೆಲಸ ಮುಗಿಯುವುದು ಮೂರೇ ರೀತಿಯಲ್ಲಿ: ಜಗಳ, ಕಾಯಿಲೆ, ಸಾವು. ಎರಡು ಅಥವಾ ಮೂರು ವರ್ಷದ ಅವಧಿ ಇಟ್ಟರೆ ಹೋಗುವವರಿಗೂ ಗೌರವದ ಬಾಗಿಲು ಇರುತ್ತದೆ. ಅವಧಿ ಮುಗಿಯುವ ಆರು ತಿಂಗಳು ಮೊದಲೇ ಮುಂದಿನವರು ಪಕ್ಕಕ್ಕೆ ಬರಲಿ. ಗೊತ್ತಿರುವುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಯಾವ ಸ್ವಿಚ್ ಹಾಕಿದರೆ ಫ್ಯೂಸ್ ಹೋಗುತ್ತದೆ, ಪ್ರಭು ಭೋಜನದ ಪಾತ್ರೆಗಳು ಎಲ್ಲಿವೆ, ಕ್ರಿಸ್ಮಸ್ ರಾತ್ರಿಗೆ ಎಷ್ಟು ಮೇಣದ ಬತ್ತಿ ಬೇಕು, ಯಾವ ಅಜ್ಜಿಗೆ ಕಿವಿ ಕೇಳದು, ಮುಂದಿನ ಸಾಲಿನಲ್ಲೇ ಜಾಗ ಬೇಕು. ಕೊಟ್ಟ ಮೇಲೆ ಒಂದಷ್ಟು ದಿನ ಹಳಬರು ಆ ಕಡೆ ತಲೆ ಹಾಕದಿದ್ದರೆ ಒಳ್ಳೆಯದು. ಹೊಸಬರು ಹಾಡುಗಳ ಕ್ರಮ ಬದಲಿಸುತ್ತಾರೆ, ಕುರ್ಚಿಗಳನ್ನು ಅರ್ಧ ವೃತ್ತದಲ್ಲಿ ಇಡುತ್ತಾರೆ. ಇಡಲಿ ಬಿಡಿ.

ಅಷ್ಟು ವರ್ಷ ಹೊತ್ತವರನ್ನು ಸುಮ್ಮನೆ ಕೂರಿಸುವುದೂ ಕ್ರೂರವೇ. ಕೆಲವರಿಗೆ ಆ ಕೆಲಸ ಬಿಟ್ಟರೆ ಸಭೆಯಲ್ಲಿ ತಾನು ಯಾರು ಅನ್ನುವುದೇ ತಿಳಿಯುವುದಿಲ್ಲ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಿಗೆ ವಾರದಲ್ಲಿ ಹೊರಗೆ ಹೋಗಲು ಇರುವುದು ಅದೊಂದೇ ಕಾರಣ. ಅವರ ಕೈಯಿಂದ ತೆಗೆದುಕೊಳ್ಳುವ ಮೊದಲು ಇನ್ನೊಂದನ್ನು ಕೈಗೆ ಕೊಡಬೇಕು, ಅದೂ ನಿಜವಾದ ಕೆಲಸ. ಹೊಸದಾಗಿ ಬಂದ ಕುಟುಂಬಗಳನ್ನು ಮನೆಗೆ ಕರೆದು ಮಾತಾಡಿಸುವುದು ಅಂಥ ಒಂದು ಕೆಲಸ. ಹಳಬರಷ್ಟು ಚೆನ್ನಾಗಿ ಅದನ್ನು ಯಾರೂ ಮಾಡಲಾರರು.

ಇಷ್ಟೆಲ್ಲ ಮಾಡಿದರೂ ಕೆಲವು ಕೆಲಸಕ್ಕೆ ಯಾರೂ ಬರುವುದಿಲ್ಲ. ಆಗ ಆ ಕೆಲಸವನ್ನೇ ಒಂದು ವರ್ಷ ನಿಲ್ಲಿಸಿ ನೋಡಬೇಕು ಅಂತ ನನ್ನ ಅಭಿಪ್ರಾಯ. ತಿಂಗಳ ಪತ್ರಿಕೆ, ನಾಲ್ಕೇ ಜನ ಬರುವ ಮಧ್ಯವಾರದ ಇನ್ನೊಂದು ಕೂಟ, ಯಾವಾಗಲೋ ಶುರುವಾಗಿ ಯಾಕೆ ಅಂತ ಮರೆತುಹೋದ ವಾರ್ಷಿಕ ಸ್ಪರ್ಧೆ. ನಿಂತಾಗ ಯಾರೂ ಕೇಳದಿದ್ದರೆ ಅದು ನಿಲ್ಲಬೇಕಾದದ್ದೇ. ನಿಲ್ಲಿಸಬಾರದ ಕೆಲಸಗಳೂ ಇವೆ. ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವುದು, ಒಂಟಿಯಾಗಿರುವವರಿಗೆ ವಾರಕ್ಕೊಮ್ಮೆ ಫೋನ್ ಮಾಡುವುದು. ಇದಕ್ಕೆ ಜನ ಸಿಗುತ್ತಿಲ್ಲ ಅಂದರೆ ಅಲಂಕಾರ ಸಮಿತಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ಒಮ್ಮೆ ನೋಡಿ. ಅರ್ಧದಷ್ಟು ಜನರನ್ನು ಈ ಕಡೆಗೆ ಕಳುಹಿಸಿದರೆ ವೇದಿಕೆಯ ಮೇಲೆ ಹೂ ಸ್ವಲ್ಪ ಕಡಿಮೆ ಆಗಬಹುದು. ಇದನ್ನು ಓದಿ ನಮ್ಮ ಅಲಂಕಾರ ಸಮಿತಿಯ ಇಬ್ಬರಾದರೂ ನನಗೆ ಫೋನ್ ಮಾಡಿ ಬೈಯುತ್ತಾರೆ, ಗೊತ್ತು. ಮಾಡಲಿ. ಆಸ್ಪತ್ರೆಗೆ ಯಾವ ದಿನ ಬಿಡುವು ಅಂತ ಆಗಲೇ ಕೇಳುತ್ತೇನೆ.